ದೋಷಸಂದೇಶವನ್ನು ಓದಿಸುವುದು: ಕಂಪೈಲರ್ ಮತ್ತು ಲಿಂಕರ್ ಫ್ಲ್ಯಾಗ್‌ಗಳ ಪಾಠಬೋಧನೆ

ವಿಷಯ: ಗಣಕವಿಜ್ಞಾನ
ಘಟಕ: ಸೋರ್ಸ್ ಕೋಡಿನಿಂದ ತಂತ್ರಾಂಶ ಕಟ್ಟುವುದು
ಉಪಘಟಕ: ಕಂಪೈಲರ್ ಮತ್ತು ಲಿಂಕರ್ ಫ್ಲ್ಯಾಗ್‌ಗಳು
ತರಗತಿ: ಸಿ ಭಾಷೆಯ ಪ್ರಾಥಮಿಕ ಪರಿಚಯವಿರುವ ಪದವಿಪೂರ್ವ ಅಥವಾ ಡಿಪ್ಲೊಮಾ ತರಗತಿ
ಅವಧಿ: ತಲಾ 45 ನಿಮಿಷದ 2 ಪಾಠಗಳು

ಪ್ರಸ್ತಾವನೆ

ಬೋಧನಾಭ್ಯಾಸದಲ್ಲಿ ಈ ಉಪಘಟಕವನ್ನು ಆಯ್ದುಕೊಂಡ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಂದು ಪಟ್ಟಿಯನ್ನು ಹಲಗೆಯ ಮೇಲೆ ಬರೆಯುತ್ತಾರೆ. ಎಡಕ್ಕೆ ಫ್ಲ್ಯಾಗ್, ಬಲಕ್ಕೆ ಅದರ ಅರ್ಥ. ವಿದ್ಯಾರ್ಥಿಗಳು ಪಟ್ಟಿಯನ್ನು ನಕಲು ಮಾಡಿಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಪ್ರಯೋಗಾಲಯದಲ್ಲಿ ಪರದೆಯ ಮೇಲೆ ನಾಲ್ಕು ಸಾಲು ಇಂಗ್ಲಿಷ್ ಬಂದ ಕೂಡಲೇ ಕೈಚೆಲ್ಲಿ ಕೂರುತ್ತಾರೆ, ಇಲ್ಲವೇ ಪಟ್ಟಿಯಲ್ಲಿರುವ ಫ್ಲ್ಯಾಗ್‌ಗಳನ್ನು ಒಂದೊಂದಾಗಿ ಸೇರಿಸಿ ನೋಡುತ್ತಾರೆ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗೆ ಆ ನಾಲ್ಕು ಸಾಲು ಗೋಡೆಯಂತೆ ಕಾಣುತ್ತದೆ. ‘ಇದು ನನಗೆ ಬರುವುದಿಲ್ಲ’ ಎಂಬ ತೀರ್ಮಾನ ಹುಟ್ಟುವುದು ಹೆಚ್ಚಾಗಿ ಅಲ್ಲೇ.

ದೋಷಸಂದೇಶದಲ್ಲಿ ಇರುವುದು ಬೆರಳೆಣಿಕೆಯ ಇಂಗ್ಲಿಷ್ ಪದಗಳು. ಅದನ್ನು ಓದಲು ಭಾಷಾಪಾಂಡಿತ್ಯ ಬೇಡ. ಮೂರು ಪ್ರಶ್ನೆಗಳು ಸಾಕು. ಹೇಳುತ್ತಿರುವವರು ಯಾರು? ಅವರಿಗೆ ಸಿಗದಿದ್ದದ್ದು ಏನು? ಅದನ್ನು ಎಲ್ಲಿ ಹುಡುಕಬೇಕೆಂದು ನಾವು ಹೇಳಿದ್ದೇವೆ? ಪ್ರತಿ ಫ್ಲ್ಯಾಗ್ ಒಂದು ನಿರ್ದಿಷ್ಟ ಹಂತಕ್ಕೆ ಸೇರಿದ್ದು. ಪ್ರತಿ ದೋಷವೂ ಒಂದು ನಿರ್ದಿಷ್ಟ ಹಂತದಿಂದ ಬಂದದ್ದು. ಇವೆರಡನ್ನು ಹೊಂದಿಸುವ ಸಾಮರ್ಥ್ಯವೇ ಈ ಪಾಠದ ಗುರಿ. ಫ್ಲ್ಯಾಗ್‌ಗಳ ಪಟ್ಟಿ ಆ ಗುರಿಯ ದಾರಿಯಲ್ಲಿ ತಾನಾಗಿಯೇ ಬರುತ್ತದೆ.

ಸೂಚನೆ: ಈ ಲೇಖನದಲ್ಲಿ ಆದೇಶಗಳನ್ನೂ ಕಡತಗಳ ಹೆಸರುಗಳನ್ನೂ ಉಚ್ಚಾರಣೆಗೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಹಲಗೆಯ ಮೇಲೂ ಗಣಕದಲ್ಲೂ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.

ಬೋಧನೋದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಯು:
1. ಸೋರ್ಸ್ ಕೋಡು ಓಡುವ ಪ್ರೋಗ್ರಾಂ ಆಗುವ ಹಂತಗಳನ್ನು ಕ್ರಮವಾಗಿ ಹೇಳುವನು.
2. ಕೊಟ್ಟ ದೋಷಸಂದೇಶ ಯಾವ ಹಂತದ್ದೆಂದು ಗುರುತಿಸಿ ಕಾರಣ ಕೊಡುವನು.
3. ಆ ಹಂತಕ್ಕೆ ತಕ್ಕ ಫ್ಲ್ಯಾಗನ್ನು ಸರಿಯಾದ ಸ್ಥಾನದಲ್ಲಿ ಬಳಸುವನು.
4. ಮೇಕ್ ಮತ್ತು ಕಾನ್ಫಿಗರ್‌ಗಳಿಗೆ ಫ್ಲ್ಯಾಗ್‌ಗಳನ್ನು ತಕ್ಕ ಚರದ ಮೂಲಕ ಒದಗಿಸುವನು.

ಪೂರ್ವಜ್ಞಾನ: ಸಿ ಭಾಷೆಯಲ್ಲಿ ಫಂಕ್ಷನ್ ಬರೆಯುವುದು, ಹೆಡರ್ ಫೈಲು ಸೇರಿಸುವುದು, ಟರ್ಮಿನಲ್‌ನಲ್ಲಿ ಫೋಲ್ಡರ್ ಬದಲಿಸುವುದು.

ಬೋಧನಾ ಸಾಮಗ್ರಿ: ಉಬುಂಟು ಮತ್ತು ಜಿಸಿಸಿ ಇರುವ ಗಣಕಗಳು, ಪ್ರೊಜೆಕ್ಟರ್, ದೋಷಸಂದೇಶಗಳನ್ನು ಮುದ್ರಿಸಿದ ಕಾರ್ಡುಗಳು.

ಶಿಕ್ಷಕರಿಗೆ ವಿಷಯದ ಹಿನ್ನೆಲೆ

ಜಿಸಿಸಿ ಎಂಬ ಒಂದೇ ಆದೇಶದ ಹಿಂದೆ ಹಲವರು ಕೆಲಸ ಮಾಡುತ್ತಾರೆ. ಪ್ರಿಪ್ರೊಸೆಸರ್ ಹೆಡರ್ ಫೈಲುಗಳನ್ನು ತಂದು ಸೇರಿಸುತ್ತದೆ. ಕಂಪೈಲರ್ ಅದನ್ನು ಅಸೆಂಬ್ಲಿ ಭಾಷೆಗೆ ಇಳಿಸುತ್ತದೆ. ಅಸೆಂಬ್ಲರ್ ಆಬ್ಜೆಕ್ಟ್ ಫೈಲು ಮಾಡುತ್ತದೆ. ಲಿಂಕರ್ ಆಬ್ಜೆಕ್ಟ್ ಫೈಲುಗಳನ್ನೂ ಲೈಬ್ರರಿಗಳನ್ನೂ ಜೋಡಿಸುತ್ತದೆ. ಪ್ರೋಗ್ರಾಂ ಓಡಿಸುವ ಕ್ಷಣದಲ್ಲಿ ಐದನೆಯದಾದ ಲೋಡರ್ ಬರುತ್ತದೆ. ಹಂಚಿಕೆಯ ಲೈಬ್ರರಿಗಳನ್ನು ಹುಡುಕಿ ಸ್ಮೃತಿಗೆ ತರುವುದು ಅದರ ಕೆಲಸ. ಜಿಸಿಸಿ ತನ್ನ ಕೆಲಸ ಮುಗಿಸಿ ಹೋದಮೇಲೂ ದೋಷ ಬರಬಹುದು ಎಂಬುದು ವಿದ್ಯಾರ್ಥಿಗಳಿಗೆ ಹೊಳೆಯದಿರುವುದು ಈ ಐದನೆಯ ಹಂತದ ಬಗ್ಗೆ ತಿಳಿಯದ್ದರಿಂದ.

ಹೋಲಿಕೆಗೆ ಶಾಲೆಯ ವಾರ್ಷಿಕ ಸಂಚಿಕೆಯನ್ನು ಬಳಸಬಹುದು. ಪ್ರತಿಯೊಬ್ಬರ ಲೇಖನವನ್ನು ಬೇರೆಬೇರೆಯಾಗಿ ತಿದ್ದಿ ಇಡಲಾಗುತ್ತದೆ. ಒಂದು ಲೇಖನದಲ್ಲಿ ‘ಪ್ರವಾಸದ ವರದಿಗೆ ಪುಟ … ನೋಡಿ’ ಎಂದಿದ್ದರೆ ಆಗ ಪುಟಸಂಖ್ಯೆಯ ಜಾಗ ಖಾಲಿ. ಇದು ಆಬ್ಜೆಕ್ಟ್ ಫೈಲು. ಎಲ್ಲ ಲೇಖನಗಳನ್ನು ಜೋಡಿಸುವಾಗ ಸಂಪಾದಕರು ಖಾಲಿ ಜಾಗ ತುಂಬುತ್ತಾರೆ, ಅವರೇ ಲಿಂಕರ್. ಪ್ರವಾಸದ ವರದಿಯೇ ಬಾರದಿದ್ದರೆ ಪುಟಸಂಖ್ಯೆ ಹಾಕಲಾಗದು. ಲಿಂಕರ್ ಕೊಡುವ ‘ಅನ್‌ಡಿಫೈನ್ಡ್ ರೆಫರೆನ್ಸ್’ ದೋಷ ಇದೇ. ‘ಗ್ರಂಥಾಲಯದಲ್ಲಿರುವ ಇಂಥ ಪುಸ್ತಕ ನೋಡಿ’ ಎಂದು ಬರೆದಿದ್ದರೆ ಅದು ಹಂಚಿಕೆಯ ಲೈಬ್ರರಿ. ಪುಸ್ತಕ ಕಪಾಟಿನಲ್ಲಿ ಇದೆಯೋ ಇಲ್ಲವೋ ಎಂಬುದು ಓದುವ ದಿನ ತಿಳಿಯುತ್ತದೆ. ಹೋಲಿಕೆ ಎಲ್ಲಿ ಮುಗಿಯುತ್ತದೆ ಎಂಬುದನ್ನೂ ಹೇಳಬೇಕು: ಪುಸ್ತಕ ಸಿಗದಿದ್ದರೆ ಓದುಗ ಮುಂದಿನ ಪುಟಕ್ಕೆ ಹೋಗಬಲ್ಲ, ಆದರೆ ಬೇಕಾದ ಲೈಬ್ರರಿ ಸಿಗದಿದ್ದರೆ ಲೋಡರ್ ಪ್ರೋಗ್ರಾಮನ್ನು ಆರಂಭಿಸುವುದೇ ಇಲ್ಲ.

ಪೂರ್ವಸಿದ್ಧತೆ

ಬಹಳ ಜನ ಉದಾಹರಣೆಗೆ ವರ್ಗಮೂಲದ ಫಂಕ್ಷನನ್ನು ಆರಿಸಿ, ಗಣಿತದ ಲೈಬ್ರರಿಗಾಗಿ ಕೊನೆಗೆ -ಎಲ್‌ಎಮ್ ಸೇರಿಸಬೇಕೆಂದು ತೋರಿಸಲು ಹೊರಡುತ್ತಾರೆ. ಇಲ್ಲಿ ಮೂರು ತೊಡಕುಗಳಿವೆ. 25ರ ವರ್ಗಮೂಲ ಎಂದು ನೇರವಾಗಿ ಸ್ಥಿರಸಂಖ್ಯೆ ಕೊಟ್ಟರೆ ಜಿಸಿಸಿ ಉತ್ತರವನ್ನು ಕಂಪೈಲ್ ಮಾಡುವಾಗಲೇ ಲೆಕ್ಕ ಹಾಕಿಬಿಡುತ್ತದೆ; ಲೈಬ್ರರಿಯ ಅಗತ್ಯವೇ ಬೀಳದೆ, ನಿರೀಕ್ಷಿಸಿದ ದೋಷ ಬರುವುದಿಲ್ಲ. ಸಂಖ್ಯೆಯನ್ನು ಕೀಲಿಮಣೆಯಿಂದ ಓದಿಸಿದರೆ ಮಾತ್ರ ಬರುತ್ತದೆ. ಇನ್ನು ಜಿ++ ಬಳಸಿದರೆ ಗಣಿತದ ಲೈಬ್ರರಿ ತಾನಾಗಿಯೇ ಸೇರುತ್ತದೆ. ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ ಈ ಫಂಕ್ಷನ್ ವ್ಯವಸ್ಥೆಯ ಮೂಲ ಲೈಬ್ರರಿಯಲ್ಲೇ ಇರುವುದರಿಂದ ಅಲ್ಲೂ ದೋಷ ಕಾಣದು.

ಆದ್ದರಿಂದ ಶಿಕ್ಷಕರೇ ಒಂದು ಪುಟ್ಟ ಲೈಬ್ರರಿ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಸಂಖ್ಯೆಯ ವರ್ಗವನ್ನು ಕೊಡುವ ‘ವರ್ಗ’ ಎಂಬ ಒಂದೇ ಫಂಕ್ಷನ್ ಗಣಿತ.ಸಿ ಕಡತದಲ್ಲಿರಲಿ, ಅದರ ಘೋಷಣೆ ಗಣಿತ.ಎಚ್‌ನಲ್ಲಿರಲಿ. ಹಂಚಿಕೆಯ ಲೈಬ್ರರಿ ಮಾಡಲು:

ಜಿಸಿಸಿ -ಶೇರ್ಡ್ -ಎಫ್‌ಪಿಐಸಿ ಗಣಿತ.ಸಿ -ಒ ಲಿಬ್‌ಗಣಿತ.ಎಸ್‌ಒ

ಮನೆಫೋಲ್ಡರಿನಲ್ಲಿ ‘ಕೋಶ’ ಎಂಬ ಫೋಲ್ಡರು ಮಾಡಿ, ಅದರೊಳಗೆ ‘ಇನ್‌ಕ್ಲೂಡ್’ನಲ್ಲಿ ಹೆಡರನ್ನೂ ‘ಲಿಬ್’ನಲ್ಲಿ ಲೈಬ್ರರಿಯನ್ನೂ ಇಡಬೇಕು. ಗಣಿತ.ಸಿ ಕಡತವನ್ನು ವಿದ್ಯಾರ್ಥಿಗಳಿಗೆ ಕೊಡಬಾರದು. ಹೊರಗಿನ ಲೈಬ್ರರಿಗಳು ಹೀಗೆಯೇ, ಹೆಡರ್ ಒಂದು ಕಡೆ, ಲೈಬ್ರರಿ ಇನ್ನೊಂದು ಕಡೆ ಇರುತ್ತವೆ. ಮೇಲ್ವಿಚಾರಕರ ಪಾಸ್‌ವರ್ಡ್ ಇಲ್ಲದ ಪ್ರಯೋಗಾಲಯಗಳಲ್ಲಿ ಮನೆಫೋಲ್ಡರಿನಲ್ಲಿ ಲೈಬ್ರರಿ ಇಟ್ಟುಕೊಳ್ಳುವುದೊಂದೇ ದಾರಿ ಎಂಬುದನ್ನೂ ಹೇಳಬಹುದು.

ಪ್ರೊಜೆಕ್ಟರ್ ಪರದೆಯ ಅಕ್ಷರಶೈಲಿಯನ್ನು ಮೊದಲೇ ಪರೀಕ್ಷಿಸಬೇಕು. ದೊಡ್ಡ ಐ ಮತ್ತು ಸಣ್ಣ ಎಲ್ ಅನೇಕ ಶೈಲಿಗಳಲ್ಲಿ ಒಂದೇ ಗೆರೆಯಂತೆ ಕಾಣುತ್ತವೆ, ಈ ಪಾಠದಲ್ಲಿ ಎರಡೂ ಬೇಕು. ದೊಡ್ಡ ಎಲ್ ಮತ್ತು ಸಣ್ಣ ಎಲ್, ದೊಡ್ಡ ಒ ಮತ್ತು ಸಣ್ಣ ಒ ಇವುಗಳ ಕೆಲಸವೂ ಬೇರೆ ಬೇರೆ. ಹೇಳುವಾಗಲೂ ‘ದೊಡ್ಡ’, ‘ಸಣ್ಣ’ ಎಂದು ಬಿಡಿಸಿ ಹೇಳುವುದನ್ನು ರೂಢಿಸಿಕೊಳ್ಳಬೇಕು.

ಮೊದಲ ಪಾಠ: ನಾಲ್ಕು ದೋಷಗಳು

ವಿದ್ಯಾರ್ಥಿಗಳ ಬಳಿ ಇರುವುದು ಮುಖ್ಯ.ಸಿ ಮಾತ್ರ. ಅದು ಗಣಿತ.ಎಚ್ ಅನ್ನು ಸೇರಿಸಿಕೊಂಡು, ‘ವರ್ಗ’ವನ್ನು ಕರೆದು, ಉತ್ತರವನ್ನು ಮುದ್ರಿಸುತ್ತದೆ. ಶಿಕ್ಷಕರು ಯಾವ ಫ್ಲ್ಯಾಗನ್ನೂ ಮುಂಚಿತವಾಗಿ ಹೇಳದೆ ಕಟ್ಟಲು ಹೇಳುತ್ತಾರೆ.

ಹಂತ 1. ಜಿಸಿಸಿ ಮುಖ್ಯ.ಸಿ -ಒ ಮುಖ್ಯ
ಬರುವ ಸಂದೇಶ: ‘ಮುಖ್ಯ.ಸಿ’, ಸಾಲಿನ ಸಂಖ್ಯೆ, ‘ಫೇಟಲ್ ಎರರ್: ಗಣಿತ.ಎಚ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ’.

ಶಿಕ್ಷಕರು: ಸಂದೇಶ ಯಾವ ಕಡತದ ಹೆಸರಿನಿಂದ ಆರಂಭವಾಗಿದೆ?
ವಿದ್ಯಾರ್ಥಿ: ಮುಖ್ಯ.ಸಿ, ಸರ್. ಪಕ್ಕದಲ್ಲಿ ಸಾಲಿನ ಸಂಖ್ಯೆ ಇದೆ.
ಶಿಕ್ಷಕರು: ಸಾಲಿನ ಸಂಖ್ಯೆ ಹೇಳಬೇಕಾದರೆ ನಮ್ಮ ಕಡತವನ್ನು ಯಾರು ಓದುತ್ತಿರಬೇಕು?
ವಿದ್ಯಾರ್ಥಿ: ಕಂಪೈಲರ್.
ಶಿಕ್ಷಕರು: ಅದಕ್ಕೆ ಏನು ಸಿಗಲಿಲ್ಲ?
ವಿದ್ಯಾರ್ಥಿ: ಗಣಿತ.ಎಚ್.
ಶಿಕ್ಷಕರು: ಅದು ಕೋಶದೊಳಗಿದೆ ಎಂದು ನಾವು ಹೇಳಿದ್ದೇವೆಯೇ?

ಈಗ -ಐ ಫ್ಲ್ಯಾಗನ್ನು ಪರಿಚಯಿಸಬೇಕು. ದೊಡ್ಡ ಐ, ಅದರ ಮುಂದೆ ಹೆಡರ್ ಇರುವ ಫೋಲ್ಡರಿನ ಮಾರ್ಗ. ಯಾರಾದರೂ ಹೆಡರ್ ಸೇರಿಸುವ ಸಾಲನ್ನೇ ಅಳಿಸಿದರೆ ಅದನ್ನು ಗದರದೆ ಚರ್ಚೆಗೆ ತರಬೇಕು. ಆಗ ‘ವರ್ಗ’ ಎಂದರೇನೆಂದು ಕಂಪೈಲರಿಗೆ ತಿಳಿಯದು. ಹಳೆಯ ಜಿಸಿಸಿ ಎಚ್ಚರಿಕೆ ಕೊಟ್ಟು ಮುಂದುವರಿಯುತ್ತಿತ್ತು, 2024ರಲ್ಲಿ ಬಂದ ಜಿಸಿಸಿ 14ರಿಂದ ಅದು ದೋಷವೆಂದೇ ಎಣಿಸುತ್ತದೆ.

ಹಂತ 2. -ಐ ಸೇರಿಸಿದ ಮೇಲೆ ಬರುವ ಸಂದೇಶ: ‘ಅನ್‌ಡಿಫೈನ್ಡ್ ರೆಫರೆನ್ಸ್ ಟು ವರ್ಗ’, ಕೊನೆಯ ಸಾಲಿನಲ್ಲಿ ‘ಎಲ್‌ಡಿ’ ಎಂಬ ಹೆಸರು.
ಎಲ್‌ಡಿ ಎಂದರೆ ಲಿಂಕರ್. ಈಗ ಮಾತನಾಡುತ್ತಿರುವವರು ಬದಲಾಗಿದ್ದಾರೆ. ಇದನ್ನು ಖಚಿತಪಡಿಸಲು -ಸಿ ಫ್ಲ್ಯಾಗ್ ಕೊಟ್ಟು ಆಬ್ಜೆಕ್ಟ್ ಫೈಲು ಮಾತ್ರ ಮಾಡಿಸಬೇಕು. ಅದು ದೋಷವಿಲ್ಲದೆ ಮುಗಿಯುತ್ತದೆ. ಅಂದರೆ ನಮ್ಮ ಕೋಡಿನ ವ್ಯಾಕರಣ ಸರಿಯಾಗಿದೆ, ಜೋಡಿಸಲು ಸಾಮಗ್ರಿ ಸಾಲದು. ಇದನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬೇಕು. ಎರಡು ಹಂತಗಳು ಬೇರೆ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಇಲ್ಲ.

ಪರಿಹಾರ: ಸಣ್ಣ ಎಲ್. ಲೈಬ್ರರಿಯ ಹೆಸರಿನ ಮುಂದಿನ ‘ಲಿಬ್’ ಮತ್ತು ಹಿಂದಿನ ‘.ಎಸ್‌ಒ’ ಎರಡನ್ನೂ ತೆಗೆದು ಉಳಿದದ್ದನ್ನು ಬರೆಯಬೇಕು: -ಎಲ್‌ಗಣಿತ.

ಹಂತ 3. ಈಗಿನ ಸಂದೇಶ: ‘ಕೆನಾಟ್ ಫೈಂಡ್ -ಎಲ್‌ಗಣಿತ’.
ಹೇಳುತ್ತಿರುವುದು ಮತ್ತೆ ಲಿಂಕರ್. ಆದರೆ ದೋಷ ಬೇರೆ. ಹಿಂದಿನ ಬಾರಿ ಫಂಕ್ಷನ್ ಸಿಗಲಿಲ್ಲ. ಈ ಬಾರಿ ಲೈಬ್ರರಿಯ ಕಡತವೇ ಸಿಗಲಿಲ್ಲ. ಪರಿಹಾರ ದೊಡ್ಡ ಎಲ್, ಮುಂದೆ ಲೈಬ್ರರಿ ಇರುವ ಫೋಲ್ಡರಿನ ಮಾರ್ಗ. ದೊಡ್ಡ ಎಲ್ ‘ಎಲ್ಲಿ’ ಎಂಬುದನ್ನು ಹೇಳುತ್ತದೆ, ಸಣ್ಣ ಎಲ್ ‘ಯಾವುದು’ ಎಂಬುದನ್ನು ಹೇಳುತ್ತದೆ.

ಹಂತ 4. ಕಟ್ಟುವುದು ಯಶಸ್ವಿಯಾಯಿತು. ಓಡಿಸಿದಾಗ: ‘ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್: ಲಿಬ್‌ಗಣಿತ.ಎಸ್‌ಒ’.
ಇಲ್ಲಿ ಶಿಕ್ಷಕರು ಅವಸರ ಪಡಬಾರದು. ‘ಜಾಗ ಹೇಳಿದ್ದೆವಲ್ಲ, ಸರ್?’ ಎಂಬ ಪ್ರಶ್ನೆ ತರಗತಿಯಿಂದಲೇ ಬರಲಿ. ಹೇಳಿದ್ದು ಲಿಂಕರಿಗೆ, ಈಗ ಕೇಳುತ್ತಿರುವುದು ಲೋಡರ್. ಲಿಂಕರ್ ಪ್ರೋಗ್ರಾಮಿನಲ್ಲಿ ಲೈಬ್ರರಿಯ ಹೆಸರನ್ನು ಬರೆದಿಟ್ಟಿತೇ ಹೊರತು, ದೊಡ್ಡ ಎಲ್ ಮೂಲಕ ತಿಳಿದ ಜಾಗವನ್ನು ಬರೆದಿಡಲಿಲ್ಲ. ಎಲ್‌ಡಿಡಿ ಆದೇಶದಿಂದ ಪ್ರೋಗ್ರಾಮಿಗೆ ಬೇಕಾದ ಲೈಬ್ರರಿಗಳನ್ನು ನೋಡಬಹುದು. ಲಿಬ್‌ಗಣಿತದ ಎದುರು ‘ನಾಟ್ ಫೌಂಡ್’ ಎಂದಿರುತ್ತದೆ.

ಪರಿಹಾರ ಎರಡು. ತಾತ್ಕಾಲಿಕವಾಗಿ ಎಲ್‌ಡಿ_ಲೈಬ್ರರಿ_ಪಾತ್ ಎಂಬ ಪರಿಸರ ಚರಕ್ಕೆ ಆ ಮಾರ್ಗವನ್ನು ಕೊಡುವುದು. ಇದು ಆ ಟರ್ಮಿನಲ್ ಮುಚ್ಚುವವರೆಗೆ ಮಾತ್ರ. ಶಾಶ್ವತವಾಗಿ ಬೇಕಾದರೆ ಲಿಂಕ್ ಮಾಡುವಾಗಲೇ -ಡಬ್ಲ್ಯೂಎಲ್,-ಆರ್‌ಪಾತ್, ಮುಂದೆ ಮಾರ್ಗ ಎಂದು ಜಾಗಬಿಡದೆ ಬರೆಯುವುದು. ಡಬ್ಲ್ಯೂಎಲ್ ಎಂದರೆ ‘ಇದನ್ನು ಲಿಂಕರಿಗೆ ದಾಟಿಸು’ ಎಂದು. ಲಿಂಕರ್ ಆ ಮಾರ್ಗವನ್ನು ಪ್ರೋಗ್ರಾಮಿನೊಳಗೇ ಬರೆದಿಡುತ್ತದೆ.

ಕಪ್ಪುಹಲಗೆ ಸಾರಾಂಶ

ಹೆಡರ್ ಸಿಗಲಿಲ್ಲ — ಪ್ರಿಪ್ರೊಸೆಸರ್ — ದೊಡ್ಡ ಐ
ಫಂಕ್ಷನ್ ಸಿಗಲಿಲ್ಲ — ಲಿಂಕರ್ — ಸಣ್ಣ ಎಲ್
ಲೈಬ್ರರಿ ಕಡತ ಸಿಗಲಿಲ್ಲ — ಲಿಂಕರ್ — ದೊಡ್ಡ ಎಲ್
ಓಡಿಸುವಾಗ ಲೈಬ್ರರಿ ಸಿಗಲಿಲ್ಲ — ಲೋಡರ್ — ಆರ್‌ಪಾತ್ ಅಥವಾ ಪರಿಸರ ಚರ

ಎರಡನೆಯ ಪಾಠ: ಸ್ಥಾನ ಮತ್ತು ಚರಗಳು

ಪೀಠಿಕೆಗೆ ಹಿಂದಿನ ಆದೇಶವನ್ನೇ ತೆಗೆದುಕೊಂಡು -ಎಲ್‌ಗಣಿತವನ್ನು ಮುಖ್ಯ.ಸಿಗಿಂತ ಮೊದಲು ಬರೆಸಬೇಕು. ಉಬುಂಟುವಿನಲ್ಲಿ ಮತ್ತೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಬರುತ್ತದೆ. ಲಿಂಕರ್ ಎಡದಿಂದ ಬಲಕ್ಕೆ ಓದುತ್ತದೆ. ಲೈಬ್ರರಿ ಎದುರಾದಾಗ ಅದನ್ನು ಯಾರೂ ಇನ್ನೂ ಕೇಳಿರದಿದ್ದರೆ ಬಿಟ್ಟು ಮುಂದೆ ಹೋಗುತ್ತದೆ. ‘.ಎ’ ಎಂದು ಕೊನೆಯಾಗುವ ಸ್ಥಿರ ಲೈಬ್ರರಿಗಳಲ್ಲಿ ಇದು ಎಲ್ಲ ಲಿನಕ್ಸ್‌ಗಳಲ್ಲೂ ನಿಜ. ಹಂಚಿಕೆಯ ಲೈಬ್ರರಿಗಳಿಗೂ ಇದೇ ಕಟ್ಟುನಿಟ್ಟನ್ನು ಉಬುಂಟು ತಾನಾಗಿ ಅನ್ವಯಿಸುತ್ತದೆ. ಬೇರೆ ಕೆಲವು ವಿತರಣೆಗಳು ಅನ್ವಯಿಸುವುದಿಲ್ಲ. ‘ನಮ್ಮ ಮನೆಯ ಗಣಕದಲ್ಲಿ ಬಂತು, ಇಲ್ಲಿ ಬರಲಿಲ್ಲ’ ಎಂಬ ದೂರಿಗೆ ಇದು ಒಂದು ಕಾರಣ. ಕೇಳುವವರು ಮೊದಲು, ಕೊಡುವವರು ಆಮೇಲೆ: ಇದೇ ನಿಯಮ.

ಈ ನಿಯಮ ತಿಳಿದರೆ ಮೇಕ್‌ನಲ್ಲಿ ಚರಗಳು ಏಕೆ ಇಷ್ಟಿವೆ ಎಂಬುದು ಅರ್ಥವಾಗುತ್ತದೆ.

ಸಿಪಿಪಿಫ್ಲ್ಯಾಗ್ಸ್: ಪ್ರಿಪ್ರೊಸೆಸರಿಗೆ. ದೊಡ್ಡ ಐ ಇಲ್ಲಿ.
ಸಿಫ್ಲ್ಯಾಗ್ಸ್: ಸಿ ಕಂಪೈಲರಿಗೆ. ಎಚ್ಚರಿಕೆಗಳಿಗೆ -ವಾಲ್, ದೋಷಶೋಧಕ್ಕೆ -ಜಿ, ವೇಗಕ್ಕೆ -ಒ2 ಇಲ್ಲಿ.
ಎಲ್‌ಡಿಫ್ಲ್ಯಾಗ್ಸ್: ಲಿಂಕರಿಗೆ. ದೊಡ್ಡ ಎಲ್ ಮತ್ತು ಆರ್‌ಪಾತ್ ಇಲ್ಲಿ.
ಎಲ್‌ಡಿಲಿಬ್ಸ್: ಸಣ್ಣ ಎಲ್ ಇಲ್ಲಿ.

ಗ್ನೂ ಮೇಕ್‌ನ ಅಂತರ್ಗತ ನಿಯಮದಲ್ಲಿ ಎಲ್‌ಡಿಫ್ಲ್ಯಾಗ್ಸ್ ಆಬ್ಜೆಕ್ಟ್ ಫೈಲುಗಳಿಗಿಂತ ಮೊದಲು ಬರುತ್ತದೆ, ಎಲ್‌ಡಿಲಿಬ್ಸ್ ಕೊನೆಯಲ್ಲಿ ಬರುತ್ತದೆ. -ಎಲ್‌ಗಣಿತವನ್ನು ಎಲ್‌ಡಿಫ್ಲ್ಯಾಗ್ಸ್‌ನಲ್ಲಿ ಹಾಕಿದರೆ ಅದು ಕೇಳುವವರಿಗಿಂತ ಮೊದಲು ಬಂದು, ಆಗಷ್ಟೇ ನೋಡಿದ ದೋಷ ಮರಳುತ್ತದೆ. ಎರಡು ಚರಗಳಿರುವುದು ಈ ಕಾರಣಕ್ಕೆ. ಇದನ್ನು ಹೇಳಿ ಮುಗಿಸದೆ, ತಪ್ಪು ಚರದಲ್ಲಿ ಹಾಕಿಸಿ, ಮೇಕ್ ಪರದೆಯ ಮೇಲೆ ತೋರಿಸುವ ಆದೇಶದಲ್ಲಿ ಅದರ ಸ್ಥಾನವನ್ನು ವಿದ್ಯಾರ್ಥಿಗಳಿಂದಲೇ ಹುಡುಕಿಸಬೇಕು.

ಮುಂದೆ ಕಾನ್ಫಿಗರ್. ಇದಕ್ಕೆ ಗ್ನೂ ಹಲೋ ತಕ್ಕ ಉದಾಹರಣೆ; ಒಂದು ಶುಭಾಶಯ ಮುದ್ರಿಸುವ ಈ ಪುಟ್ಟ ಪ್ರೋಗ್ರಾಂ ಕಟ್ಟುವ ಕ್ರಮವನ್ನು ತೋರಿಸಲೆಂದೇ ಇದೆ. ನಾಲ್ಕು ಅಂಶಗಳನ್ನು ಮಾಡಿಸಿ ತೋರಿಸಬೇಕು.

ಒಂದು, ಫ್ಲ್ಯಾಗ್‌ಗಳನ್ನು ಕಾನ್ಫಿಗರ್ ಆದೇಶದ ಮುಂದೆಯೇ ಬರೆಯುವುದು. ಹಾಗೆ ಕೊಟ್ಟದ್ದು ದಾಖಲಾಗುತ್ತದೆ. ಆಮೇಲೆ ಹೇಗೆ ಕಟ್ಟಿದೆವೆಂದು ಕಾನ್ಫಿಗ್.ಲಾಗ್ ಕಡತದಲ್ಲಿ ನೋಡಬಹುದು. ಇಲ್ಲಿ ಲೈಬ್ರರಿಗಳ ಚರದ ಹೆಸರು ಎಲ್‌ಡಿಲಿಬ್ಸ್ ಅಲ್ಲ, ಲಿಬ್ಸ್.

ಎರಡು, ಸಿಫ್ಲ್ಯಾಗ್ಸ್ ಕೊಡದಿದ್ದರೆ ಜಿಸಿಸಿಗೆ -ಜಿ -ಒ2 ಎಂಬ ಬೆಲೆ ತಾನಾಗಿ ಇರುತ್ತದೆ. ನಾವು -ವಾಲ್ ಎಂದಷ್ಟೇ ಕೊಟ್ಟರೆ ಅದು ಇವುಗಳ ಜೊತೆ ಸೇರುವುದಿಲ್ಲ, ಇವುಗಳ ಜಾಗಕ್ಕೆ ಬರುತ್ತದೆ. ಬೇಕಾದರೆ ಮೂರನ್ನೂ ಬರೆಯಬೇಕು.

ಮೂರು, ಒಮ್ಮೆ ಕಟ್ಟಿದ ಮೇಲೆ ಫ್ಲ್ಯಾಗ್ ಬದಲಿಸಿ ಮತ್ತೆ ಮೇಕ್ ಎಂದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮೇಕ್ ನೋಡುವುದು ಕಡತಗಳ ಸಮಯವನ್ನು. ಮೊದಲು ಮೇಕ್ ಕ್ಲೀನ್ ಮಾಡಬೇಕು.

ನಾಲ್ಕು, ಎಲ್‌ಡಿಫ್ಲ್ಯಾಗ್ಸ್‌ನಲ್ಲಿ ಬೇಕೆಂದೇ ಇಲ್ಲದ ಲೈಬ್ರರಿಯ ಹೆಸರು ಕೊಟ್ಟು ಕಾನ್ಫಿಗರ್ ಓಡಿಸಬೇಕು. ‘ಸಿ ಕಂಪೈಲರ್ ಕೆನಾಟ್ ಕ್ರಿಯೇಟ್ ಎಕ್ಸಿಕ್ಯೂಟಬಲ್ಸ್’ ಎಂದು ಬರುತ್ತದೆ. ಓದಿದವರು ಕಂಪೈಲರೇ ಕೆಟ್ಟಿತೆಂದು ಭಾವಿಸುತ್ತಾರೆ. ಕಾನ್ಫಿಗ್.ಲಾಗ್ ತೆರೆದರೆ ಒಳಗೆ ‘ಕೆನಾಟ್ ಫೈಂಡ್’ ಎಂಬ ಪರಿಚಿತ ಸಾಲು ಸಿಗುತ್ತದೆ. ಹೇಳುತ್ತಿರುವವರು ಯಾರು ಎಂಬ ಮೊದಲ ಪ್ರಶ್ನೆಯ ಬೆಲೆ ಇಲ್ಲಿ ತಿಳಿಯುತ್ತದೆ: ಪರದೆಯ ಮೇಲೆ ಮಾತನಾಡಿದ್ದು ಕಾನ್ಫಿಗರ್, ನಿಜವಾಗಿ ದೂರಿದ್ದು ಲಿಂಕರ್.

ಮೌಲ್ಯಮಾಪನ

ಗುಂಪಿಗೊಂದು ಕಾರ್ಡು ಕೊಟ್ಟು, ಹಂತ, ಕಾರಣ, ಪರಿಹಾರ ಈ ಮೂರನ್ನೂ ಬರೆಸಬೇಕು. ಹಂತವನ್ನು ಗುರುತಿಸಿದ್ದಕ್ಕೆ 2, ಕಾರಣಕ್ಕೆ 2, ಪರಿಹಾರಕ್ಕೆ 1 ಅಂಕ. ಪರಿಹಾರಕ್ಕೆ ಕಡಿಮೆ ಅಂಕ ಇಟ್ಟಿರುವುದು ಉದ್ದೇಶಪೂರ್ವಕ. ಊಹಿಸಿ ಸರಿಪಡಿಸಿದವರಿಗಿಂತ ತಿಳಿದು ಸರಿಪಡಿಸಿದವರಿಗೆ ಹೆಚ್ಚು ದಕ್ಕಬೇಕು.

ಕಾರ್ಡು 1: ಹೆಡರ್ ಸಿಗಲಿಲ್ಲವೆಂದು ಬಂದಾಗ ಒಬ್ಬಳು ದೊಡ್ಡ ಎಲ್ ಮಾರ್ಗವನ್ನು ಸೇರಿಸಿದಳು. ದೋಷ ಹೋಗಲಿಲ್ಲ. ಏಕೆ?
ಕಾರ್ಡು 2: ನಿನ್ನೆ ಓಡಿದ ಪ್ರೋಗ್ರಾಂ ಇಂದು ಹೊಸ ಟರ್ಮಿನಲ್‌ನಲ್ಲಿ ಓಡುತ್ತಿಲ್ಲ. ಯಾರೂ ಏನೂ ಬದಲಿಸಿಲ್ಲ.
ಕಾರ್ಡು 3: -ಮಾರ್ಚ್=ನೇಟಿವ್ ಎಂಬ ಫ್ಲ್ಯಾಗ್ ಕೊಟ್ಟು ಹೊಸ ಗಣಕದಲ್ಲಿ ಕಟ್ಟಿದ್ದು ಹಳೆಯ ಗಣಕದಲ್ಲಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ನಿಂತಿತು.

ಮೂರನೆಯದಕ್ಕೆ ಉತ್ತರ: ಆ ಫ್ಲ್ಯಾಗ್ ಕಟ್ಟುತ್ತಿರುವ ಗಣಕದ ಸಂಸ್ಕಾರಕಕ್ಕೆ ಇರುವ ಎಲ್ಲ ಆದೇಶಗಳನ್ನೂ ಬಳಸಲು ಕಂಪೈಲರಿಗೆ ಅನುಮತಿ ಕೊಡುತ್ತದೆ, ಹಳೆಯ ಸಂಸ್ಕಾರಕದಲ್ಲಿ ಅವುಗಳಲ್ಲಿ ಕೆಲವು ಇಲ್ಲ. ಬೇರೆ ಬೇರೆ ವರ್ಷ ಖರೀದಿಸಿದ ಗಣಕಗಳಿರುವ ಪ್ರಯೋಗಾಲಯದಲ್ಲಿ ಇದು ನೆನಪಿಡಬೇಕಾದ ವಿಷಯ.

ಗೃಹಪಾಠ

ಜ಼ಡ್‌ಲಿಬ್ ಲೈಬ್ರರಿಯ ಹೊಸ ಆವೃತ್ತಿಯನ್ನು ಮನೆಫೋಲ್ಡರಿನಲ್ಲಿ ಕಟ್ಟಿ, ಹೆಡರಿನಲ್ಲಿರುವ ಆವೃತ್ತಿಯನ್ನೂ ಓಡುವಾಗ ಲೈಬ್ರರಿಯೇ ಹೇಳುವ ಆವೃತ್ತಿಯನ್ನೂ ಮುದ್ರಿಸುವ ಪ್ರೋಗ್ರಾಂ ಬರೆಯಿರಿ. ಆರ್‌ಪಾತ್ ಇಲ್ಲದೆ ಒಮ್ಮೆ, ಆರ್‌ಪಾತ್‌ನೊಂದಿಗೆ ಒಮ್ಮೆ ಓಡಿಸಿ. ವ್ಯವಸ್ಥೆಯಲ್ಲಿ ಹಳೆಯ ಜ಼ಡ್‌ಲಿಬ್ ಇದ್ದರೆ ಮೊದಲ ಬಾರಿ ಎರಡು ಆವೃತ್ತಿಗಳು ಬೇರೆಯಾಗಿರುತ್ತವೆ, ಯಾವ ದೋಷಸಂದೇಶವೂ ಬರುವುದಿಲ್ಲ. ಸಂದೇಶವಿಲ್ಲದ ಈ ವ್ಯತ್ಯಾಸ ಯಾವ ಹಂತದಲ್ಲಿ ಹುಟ್ಟಿತು?

ವೀಕ್ಷಕರ ಗಮನಕ್ಕೆ

ಪಾಠವನ್ನು ವೀಕ್ಷಿಸುವ ಉಪನ್ಯಾಸಕರು ಮುಖ್ಯವಾಗಿ ನೋಡಬೇಕಾದದ್ದು ದೋಷ ಬಂದ ನಂತರದ ಅರ್ಧ ನಿಮಿಷ. ಪ್ರಶಿಕ್ಷಣಾರ್ಥಿ ಕೂಡಲೇ ಕೀಲಿಮಣೆಗೆ ಕೈಹಾಕಿ ತಾನೇ ಸರಿಪಡಿಸಿದರೆ ಆ ಅವಕಾಶ ಹೋಯಿತು. ಮೂರು ಪ್ರಶ್ನೆಗಳನ್ನು ಕೇಳಿ, ಸಂದೇಶವನ್ನು ವಿದ್ಯಾರ್ಥಿಯಿಂದ ಗಟ್ಟಿಯಾಗಿ ಓದಿಸಿ, ಕನ್ನಡದಲ್ಲಿ ಹೇಳಿಸಿದರೆ ಪಾಠ ನಡೆದಿದೆ ಎಂದರ್ಥ. ಹಿಂದಿನ ಬೆಂಚಿನ ವಿದ್ಯಾರ್ಥಿ ತನಗೆ ಬಂದ ಸಂದೇಶವನ್ನು ನೋಡಿ ‘ಇದು ಲಿಂಕರ್ ಹೇಳುತ್ತಿರುವುದು’ ಎಂದು ತಾನಾಗಿ ಹೇಳಿದನೇ ಎಂಬುದನ್ನು ವೀಕ್ಷಣಾ ಪುಸ್ತಕದಲ್ಲಿ ಪ್ರತ್ಯೇಕವಾಗಿ ಬರೆಯಬೇಕು.